ಒಂದು ಗಂಟೆ ಮುಂದಿನ ಊರು

ಜನವರಿ 20, ಮಂಗಳವಾರ

ಮರೆಯುವ ಮೊದಲು ಬರೆದಿಡುತ್ತೇನೆ. ಈಗೀಗ ಎಲ್ಲವೂ ಮರೆಯುತ್ತಿದೆ. ಬೆಳಿಗ್ಗೆ ಕಾಫಿಪುಡಿ ಫ್ರಿಜ್ಜಿನಲ್ಲಿ ಸಿಕ್ಕಿತು, ಹಾಲು ಕಪಾಟಿನಲ್ಲಿ.

ಮಿಸೆಸ್ ತ್ರೆವಾರೋ ಕರೆದಿದ್ದರು. ಶಾಲೆಯಲ್ಲಿ ಮಕ್ಕಳಿಗೆ ಕಾಲೇಜಿನ ದಾರಿ ಹೇಳಿಕೊಡುವವರು. ನನಗೂ ಹೇಳಿಕೊಟ್ಟಿದ್ದರು, ನಾನು ಆ ದಾರಿ ಹಿಡಿಯದೆ ಹತ್ತೊಂಬತ್ತಕ್ಕೆ ಹೆಲ್ಮಿಯನ್ನು ಹೆತ್ತು, ಆಮೇಲೆ ಸಂಜೆ ಕ್ಲಾಸುಗಳಲ್ಲಿ ಕೂತು ಡಿಗ್ರಿಯನ್ನು ಆರು ವರ್ಷ ಎಳೆದು ಮುಗಿಸಿದೆ. ಈಗ ಹೆಲ್ಮಿ ಹನ್ನೊಂದನೇ ಕ್ಲಾಸು. ಅರ್ಜಿ ಹಾಕುವುದು ಮುಂದಿನ ಚಳಿಗಾಲಕ್ಕೆ, ಆದರೆ ಯಾವ ಪರೀಕ್ಷೆ ಬರೆಯಬೇಕು ಅನ್ನುವುದು ಈಗಲೇ ತೀರ್ಮಾನವಾಗಬೇಕು.

"ಸೆನ್ಯಾ, ಏನಮ್ಮಾ ನಿನ್ನ ಮುಖ ಹೀಗಾಗಿದೆ?" ಅಂದರು ಕೂರುವ ಮೊದಲೇ.

"ಐದು ತಿಂಗಳ ಕೂಸಿರೋ ಮನೇಲಿ ಮುಖ ಇನ್ನು ಹೇಗಿರತ್ತೆ ಮೇಡಂ? ಅದಿರಲಿ. ಪರೀಕ್ಷೆ ವಿಷಯ ಹೇಳಿ."

ಹೆಲ್ಮಿಗೆ ಬೇಕಾಗಿರುವುದು ಪೂರ್ವದಲ್ಲಿ ಬೆಟ್ಟಗಳ ನಡುವೆ ಇರುವ ಆ ಒಂದೇ ಕಾಲೇಜು. ಅಲ್ಲಿ ಹಿಮ, ಮಂಜುಗಡ್ಡೆ ಇಂಥದ್ದನ್ನೇ ಓದುವ ವಿಭಾಗ ಇದೆಯಂತೆ. ಒಂಬತ್ತು ವರ್ಷದವಳಿದ್ದಾಗಿನಿಂದಲೂ ಅಪ್ಪನ ಜೊತೆ ಹೆಪ್ಪುಗಟ್ಟಿದ ಕೆರೆಯ ಮೇಲೆ ತೂತು ಕೊರೆದು, ಗಡ್ಡೆ ಎಷ್ಟು ದಪ್ಪ ಕಟ್ಟಿದೆ ಅಂತ ಅಳೆದು ಗುರುತು ಹಾಕಿಕೊಂಡು ಬಂದ ಹುಡುಗಿ. ಕಳೆದ ಬೇಸಿಗೆಯಲ್ಲಿ ಅಲ್ಲಿನ ಪ್ರೊಫೆಸರಿಗೆ ಬರೆದಿದ್ದಳು. ಅವರ ಉತ್ತರವನ್ನು ಊಟದ ಹೊತ್ತಿನಲ್ಲಿ ಮೂರು ಸಲ ಓದಿ ಹೇಳಿದಳು. ನೂರು ಜನ ಅರ್ಜಿ ಹಾಕಿದರೆ ಆರೇಳು ಜನರನ್ನು ತೆಗೆದುಕೊಳ್ಳುವ ಕಾಲೇಜು. ನಡುವೆ ಪರೀಕ್ಷೆ ಬೇಡ ಅಂದಿದ್ದರು, ಈಗ ಮತ್ತೆ ಬೇಕು ಅಂತಿದ್ದಾರೆ. ಎಸ್‌ಎಟಿ ಆದರೂ ಸರಿ, ಎಸಿಟಿ ಆದರೂ ಸರಿ.

"ಏಪ್ರಿಲ್‌ನಲ್ಲಿ ಶಾಲೆಯಲ್ಲೇ ಎಲ್ಲರಿಗೂ ಎಸ್‌ಎಟಿ ಇದ್ದೇ ಇದೆ. ಬರೀಲಿ. ಅಂಕ ನೋಡ್ಕೊಂಡು ಮುಂದಿಂದು ಯೋಚನೆ ಮಾಡೋಣ" ಅಂದರು.

"ಅಂಕ ಕಡಿಮೆ ಬಂದಮೇಲೆ ಯೋಚನೆ ಮಾಡಿ ಏನು ಉಪಯೋಗ?"

"ಬರೋದಕ್ಕೆ ಮೊದಲೇ ಯೋಚನೆ ಮಾಡಿದ್ರೆ ಜಾಸ್ತಿ ಬರತ್ತಾ?"

ಆಮೇಲೆ ವ್ಯತ್ಯಾಸ ಹೇಳಿದರು. ಎಸಿಟಿಯಲ್ಲಿ ಪ್ರಶ್ನೆ ನೇರ, ಆದರೆ ಓಡಬೇಕು. ಬೇಕಾದರೆ ವಿಜ್ಞಾನದ ಭಾಗವನ್ನೂ ಬರೆಯಬಹುದು. ಎಸ್‌ಎಟಿಯಲ್ಲಿ ಪ್ರಶ್ನೆ ಕಡಿಮೆ, ಉಸಿರಾಡಲು ಸಮಯ ಇದೆ, ಆದರೆ ಮೊದಲ ಅರ್ಧ ಚೆನ್ನಾಗಿ ಮಾಡಿದರೆ ಎರಡನೇ ಅರ್ಧ ಕಷ್ಟದ್ದು ಬರುತ್ತದೆ. ಚೆನ್ನಾಗಿ ಮಾಡಿದ್ದಕ್ಕೆ ಶಿಕ್ಷೆ!

ನಮ್ಮ ಕೂಸು ಅರ್ವೋ ಅಷ್ಟರಲ್ಲಿ ಕಿರುಚಲು ಶುರುಮಾಡಿದ. ಜೊತೆಗೆ ಬಂದಿದ್ದ ಹೆಲ್ಮಿ ಅವನನ್ನು ಎತ್ತಿಕೊಂಡು ಹೊರಗೆ ಹೋದಳು, ಮಾತು ಮುಗಿಯುವವರೆಗೂ ಕಾರಿಡಾರಿನಲ್ಲೇ ಓಡಾಡುತ್ತಿದ್ದಳು. ಬರುವಾಗ ಕಾರಿನಲ್ಲಿ ಎಲ್ಲ ತಿಳಿಸಿದೆ. "ಹೂಂ" ಅಂದಳು.

ಜನವರಿ 23, ಶುಕ್ರವಾರ

ಅರ್ವೋನ ತಪಾಸಣೆ ಆಯಿತು. ತೂಕ ಚೆನ್ನಾಗಿದೆ. ಹೆತ್ತವರಿಗೆ ಕೊಡುವ ಹತ್ತು ಪ್ರಶ್ನೆಯ ಕಾಗದ ನನಗೂ ಕೊಟ್ಟರು: ಈ ವಾರ ನಗು ಬಂತೇ, ಕಾರಣವಿಲ್ಲದೆ ಹೆದರಿಕೆಯಾಯಿತೇ, ಹೀಗೆ. ಇಂಥದ್ದಕ್ಕೆ ಯಾವ ಉತ್ತರ ಬೇಕು ಅಂತ ಕಾಗದ ನೋಡಿದರೇ ಗೊತ್ತಾಗುತ್ತದೆ. ಟಕಟಕ ಗುರುತು ಹಾಕಿದೆ. ನರ್ಸ್ ನೋಡಿ "ಚೆನ್ನಾಗಿದೆ" ಅಂದಳು. ನಮ್ಮ ಮನೆಯಲ್ಲಿ ಈ ವರ್ಷದ ಮೊದಲ ಪರೀಕ್ಷೆ ಪಾಸು.

ಸಂಜೆ ಡೋರೀನ್ ಫೋನು. ನನ್ನ ಚಿಕ್ಕಪ್ಪನ ಮಗಳು, ಹೊಳೆ ಆಚೆ ವಿಸ್ಕಾನ್ಸಿನ್‌ನಲ್ಲಿರುವುದು. ಅಲ್ಲಿ ಶಾಲೆಯಲ್ಲಿ ಎಲ್ಲರಿಗೂ ಎಸಿಟಿ, ಇಲ್ಲಿ ಮಿಷಿಗನ್‌ನಲ್ಲಿ ಎಲ್ಲರಿಗೂ ಎಸ್‌ಎಟಿ. ಅವಳ ಮಗಳು ಎಸಿಟಿಯಲ್ಲಿ ಕಡಿದು ಗುಡ್ಡೆ ಹಾಕಿದ್ದಾಳಂತೆ.

"ಎಸ್‌ಎಟಿ ಯಾರು ಬರೀತಾರೆ ಈಗ?" ಅಂದಳು.

"ನಮ್ಮ ರಾಜ್ಯದಲ್ಲಿ ಎಲ್ಲರೂ."

"ಅಯ್ಯೋ ಪಾಪ" ಅಂದಳು. ಸೇತುವೆ ಈ ಕಡೆ ಹುಟ್ಟಿದ್ದೇ ನಮ್ಮ ತಪ್ಪು ಅನ್ನುವ ಹಾಗೆ.

ನನ್ನ ಗಂಡ ಡೇಲ್ ಹತ್ತಿರ ಕೇಳಿದೆ. ಅವನು ರಾತ್ರಿಪಾಳಿ, ರಸ್ತೆಯ ಹಿಮ ತೆಗೆಯುವ ಲಾರಿ ಓಡಿಸುವುದು. ನಾನು ಏಳುವ ಹೊತ್ತಿಗೆ ಮಲಗಲು ಬರುತ್ತಾನೆ.

"ಎರಡನ್ನೂ ಬರೀಲಿ ಬಿಡು ಮಾರಾಯ್ತಿ."

"ಎರಡರಲ್ಲೂ ಹೋದರೆ?"

"ಆಗ ನನ್ನ ಜೊತೆ ಲಾರಿ ಓಡಿಸಲಿ" ಅಂತ ಹೇಳಿ ಗೊರಕೆ ಹೊಡೆಯಲು ಶುರುಮಾಡಿದ. ಮಾತು ಮುಗಿದ ಕೂಡಲೇ ನಿದ್ದೆ! ಹೇಗೆ ಬರುತ್ತದೆ ಇವನಿಗೆ?

ಫೆಬ್ರವರಿ 1, ಭಾನುವಾರ

ತೀರ್ಮಾನ ಆಯಿತು. ಎಸಿಟಿ ಬೇಡ.

ನಿನ್ನೆ ಅಡುಗೆಮನೆ ಮೇಜಿನ ಮೇಲೆ ಎಸ್‌ಎಟಿ ಮಾದರಿ ಪರೀಕ್ಷೆ ಮಾಡಿಸಿದೆ, ಇವತ್ತು ಎಸಿಟಿ. ಬ್ರೆಡ್ ಬೇಯಿಸಲು ಇಟ್ಟುಕೊಂಡಿರುವ ಟೈಮರ್ ಹಿಡಿದು ನಾನೇ ಎದುರಿಗೆ ಕೂತೆ. ನಿನ್ನೆ ಅರ್ವೋ ಮಲಗಿದ್ದ, ಎಲ್ಲ ಸಲೀಸಾಗಿ ನಡೆಯಿತು. ಇವತ್ತು ಗಣಿತದ ನಡುವೆ ಎದ್ದು ಅಳತೊಡಗಿದ. ನಾನು ಟೈಮರ್ ಬಿಟ್ಟು ಹೇಗೆ ಏಳಲಿ? ಹೆಲ್ಮಿ ಪೆನ್ಸಿಲ್ ಇಟ್ಟು ಎದ್ದಳು.

"ಕೂತ್ಕೊಳೇ! ಟೈಮ್ ಓಡ್ತಿದೆ!"

"ಅವನೂ ಅಳ್ತಿದ್ದಾನಲ್ಲಮ್ಮಾ."

"ಪರೀಕ್ಷೆ ಹಾಲ್‌ನಲ್ಲಿ ಹೀಗೇ ಎದ್ದು ಹೋಗ್ತೀಯಾ?"

"ಪರೀಕ್ಷೆ ಹಾಲ್‌ನಲ್ಲಿ ಇವನು ಇರಲ್ಲ."

ಹೆಗಲ ಮೇಲೆ ಅವನನ್ನು ಹಾಕಿಕೊಂಡು, ಎಡಗೈಲಿ ಬೆನ್ನು ತಟ್ಟುತ್ತಾ ಬಲಗೈಲಿ ಬರೆದಳು. ಗಣಿತದಲ್ಲಿ ಒಂಬತ್ತು ಪ್ರಶ್ನೆ ಮುಟ್ಟಲೇ ಇಲ್ಲ. ವಿಜ್ಞಾನದ ಭಾಗ ಮಾತ್ರ ಹೇಗೋ ಪೂರ್ತಿ ಮಾಡಿದ್ದಾಳೆ, ಒಂದೇ ತಪ್ಪು. ಆದರೂ ಒಟ್ಟಿನಲ್ಲಿ ಎಸಿಟಿ ಅವಳ ಕೈಗೆ ಹತ್ತುವುದಿಲ್ಲ ಅನ್ನುವುದು ಸ್ಪಷ್ಟ.

ಹಾಗಾಗಿ ಎಸ್‌ಎಟಿ. ಆದರೆ ಶಾಲೆಯಲ್ಲಿ ಏಪ್ರಿಲ್‌ವರೆಗೆ ಕಾಯುವುದಲ್ಲ. ಮಾರ್ಚ್ 14ಕ್ಕೆ ಹೊರಗಡೆ ಒಂದು ಸಲ ಬರೆದುಬಿಟ್ಟರೆ ಶಾಲೆಯದು ಎರಡನೇ ಅವಕಾಶವಾಗುತ್ತದೆ. ಹತ್ತಿರದ ಕೇಂದ್ರದಲ್ಲಿ ಸೀಟು ತುಂಬಿದೆ, ಪಕ್ಕದ ಜಿಲ್ಲೆಯ ಇಷ್ಪೆಮಿಂಗ್‌ನಲ್ಲಿ ಇದೆ. ಹೆಸರು ಹಾಕಿಸಿದೆ. ಮನಸ್ಸು ಹಗುರವಾಗುತ್ತದೆ ಅಂದುಕೊಂಡಿದ್ದೆ.

ಫೆಬ್ರವರಿ 11, ಬುಧವಾರ

ಮಧ್ಯಾಹ್ನ. ಅರ್ವೋ ಮಲಗಿದ್ದಾನೆ. ಅವನು ಮಲಗಿದಾಗ ನೀನೂ ಮಲಗು ಅಂತ ಎಲ್ಲರೂ ಹೇಳುತ್ತಾರೆ. ಕಣ್ಣು ಮುಚ್ಚಿದರೆ ಲೆಕ್ಕ ಶುರುವಾಗುತ್ತದೆ. ಎಸಿಟಿ ಕೈಬಿಟ್ಟದ್ದು ತಪ್ಪಾದರೆ? ಬೇರೆ ಮಕ್ಕಳು ಎರಡನ್ನೂ ಎರಡೆರಡು ಸಲ ಬರೆಯುತ್ತಿದ್ದಾರೆ. ಬೇರೆ ಅಮ್ಮಂದಿರು ಬರೆದುಕೊಳ್ಳುವ ಜಾಗಗಳನ್ನೆಲ್ಲ ಕಂಪ್ಯೂಟರಿನಲ್ಲಿ ಓದಿಬಿಟ್ಟಿದ್ದೇನೆ. ಒಬ್ಬಾಕೆ ಮಗನನ್ನು ವಿಮಾನದಲ್ಲಿ ಕರೆದುಕೊಂಡು ಹೋಗಿ ಬರೆಸಿದ್ದಾಳೆ. ನಾನು ಪಕ್ಕದ ಜಿಲ್ಲೆಗೆ ಹೋಗುವುದಕ್ಕೆ ಇಷ್ಟು ಒದ್ದಾಡುತ್ತಿದ್ದೇನೆ.

ಕೆಮಿಸ್ಟ್ರಿ ಮೇಷ್ಟ್ರು ಫೋನ್ ಮಾಡಿದ್ದರು. ಹೆಲ್ಮಿ ಕ್ಲಾಸಿನಲ್ಲಿ ತಲೆಯಿಟ್ಟು ಮಲಗಿಬಿಟ್ಟಳಂತೆ, ಈ ತಿಂಗಳಲ್ಲಿ ಎರಡನೇ ಸಲ. ಮಾದರಿ ಪರೀಕ್ಷೆಗಳಿಂದ ದಣಿದಿದ್ದಾಳೆ, ಬೇಗ ಮಲಗಿಸುತ್ತೇನೆ ಅಂದೆ.

ಈಗ ರಾತ್ರಿ. ಸಂಜೆ ಅವಳನ್ನು ಕೂರಿಸಿಕೊಂಡು ಕೇಳಿದೆ. "ಹೆಲ್ಮಿ, ನಿಜ ಹೇಳು. ಆ ಕಾಲೇಜಿಗೆ ಹೋಗಬೇಕು ಅಂತ ಇನ್ನೂ ಇದೆಯಾ?"

"ಇದೆ."

"ಎಷ್ಟು?"

ನನ್ನ ಮುಖ ನೋಡಿದಳು. "ಅಮ್ಮಾ, ನೀನು ಮಧ್ಯಾಹ್ನ ಏನಾದ್ರೂ ತಿಂದ್ಯಾ?"

ತಿಂದಿರಲಿಲ್ಲ. ಮೊಟ್ಟೆ ಹುರಿದು ಕೊಟ್ಟಳು. ಆದರೆ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಈ ವಯಸ್ಸಿನ ಮಕ್ಕಳೇ ಹೀಗೆ.

ಫೆಬ್ರವರಿ 21, ಶನಿವಾರ

ಮುಮ್ಮು ಜೊತೆ ಜಗಳ.

ಮುಮ್ಮು ಅಂದರೆ ನನ್ನ ಹೆತ್ತ ತಾಯಿಯೇ. ಹೆಲ್ಮಿ ಅಜ್ಜಿಯನ್ನು ಹಾಗೆ ಕರೆಯಲು ಶುರುಮಾಡಿದ ಮೇಲೆ ಮನೆಯವರಿಗೆಲ್ಲ ಅವಳು ಮುಮ್ಮು. ಶನಿವಾರ ಎಂದಿನಂತೆ ಅವಳ ಮನೆ ಹಿತ್ತಲಿನ ಸೌನಾಕ್ಕೆ, ಹಬೆಸ್ನಾನಕ್ಕೆ, ಹೋಗಿದ್ದೆವು. ಡೇಲ್ ಮತ್ತು ಮಗು ಮನೆಯೊಳಗೆ ಟೀವಿ ಮುಂದೆ, ನಾವು ಹೆಂಗಸರು ಕಟ್ಟಿಗೆ ಒಲೆಯ ಬಿಸಿಯಲ್ಲಿ ಹಲಗೆಯ ಮೇಲೆ. ಎರಡು ನಿಮಿಷಕ್ಕೇ ಹೆಲ್ಮಿ ಕಿವಿ ನಿಮಿರಿಸಿದಳು. "ಅರ್ವೋ ಎದ್ದ" ಅಂತ ಟವೆಲ್ ಸುತ್ತಿಕೊಂಡು ಹಿಮದಲ್ಲೇ ಓಡಿದಳು. ನನಗೆ ಏನೂ ಕೇಳಿಸಿರಲಿಲ್ಲ.

ಮುಮ್ಮು ಒಲೆಯ ಕಾದ ಕಲ್ಲಿನ ಮೇಲೆ ಒಂದು ಸೌಟು ನೀರು ಹಾಕಿದಳು. "ಈ ಮಗು ಯಾರದ್ದು ಅಂತ ಹೊರಗಿನವರು ಕೇಳಿದ್ರೆ ಹೆಲ್ಮಿ ಕಡೆ ಬೆರಳು ತೋರಿಸ್ತಾರೆ" ಅಂದಳು.

"ಏನು ಹಾಗಂದ್ರೆ?"

"ಹಾಗಂದ್ರೆ ಹಾಗೇ."

"ನಾನು ಹಗಲೂ ರಾತ್ರಿ ನಿದ್ದೆಗೆಟ್ಟು ಅವಳ ಪರೀಕ್ಷೆಗಾಗಿ ಒದ್ದಾಡ್ತಿರೋದು ನಿನಗೆ ಕಾಣಲ್ವಾ?"

"ಕಾಣ್ತಿದೆ ಕಣೇ. ಅದೇ ಹೇಳಿದ್ದು. ನಾನು ಬರೆದ ಪರೀಕ್ಷೆ ಅಂದ್ರೆ ಡ್ರೈವಿಂಗ್ ಲೈಸೆನ್ಸಿಂದು ಒಂದೇ. ಎರಡು ಸಲ ಫೇಲಾದೆ. ಮೂರನೇ ಸಲ ನನ್ನಮ್ಮ ಜೊತೆಗೆ ಬರಲಿಲ್ಲ. ಪಾಸಾದೆ."

ಇನ್ನೊಂದು ಸೌಟು ನೀರು ಹಾಕಿದಳು. ಹಬೆಗೆ ಉಸಿರು ಕಟ್ಟಿ ಎದ್ದು ಬಂದೆ. ಅವಳಿಗೆ ನನ್ನನ್ನು ಚುಚ್ಚುವುದೆಂದರೆ ಮೊದಲಿನಿಂದಲೂ ಖುಷಿ.

ಮಾರ್ಚ್ 8, ಭಾನುವಾರ

ಬೇಸಿಗೆಯ ಬೆಳಕು ಉಳಿಸಲು ಪ್ರತಿ ಮಾರ್ಚಿಗೆ ಮಾಡುವ ಹಾಗೆ, ರಾತ್ರಿ ದೇಶವೆಲ್ಲ ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸಿತು. ಅರ್ವೋಗೆ ಯಾರೂ ಹೇಳಲಿಲ್ಲ. ಒಲೆಯ ಮೇಲಿನ ಗಡಿಯಾರ ಸರಿಮಾಡುವುದು ಹೇಗೆಂದು ಡೇಲ್‌ಗೆ ಗೊತ್ತಿಲ್ಲ, ಅದು ಹಳೆಯದನ್ನೇ ತೋರಿಸುತ್ತಿದೆ. ನನಗಂತೂ ಯಾವ ಗಡಿಯಾರ ಯಾವುದನ್ನು ತೋರಿಸಿದರೂ ಒಂದೇ.

ಮುಮ್ಮು ಊಟಕ್ಕೆ ಬಂದಿದ್ದಳು, ನಗಿಸಲು ಪ್ರಯತ್ನ ಮಾಡಿದಳು. ಮೊನ್ನೆ ಶುಕ್ರವಾರ ಮೀನೂಟಕ್ಕೆ ನಮ್ಮೂರ ಹೋಟೆಲ್ಲಿಗೆ ಹೊರಗಿನವರ ದಂಡು ಬಂದಿತ್ತಂತೆ, ಹಿಮಬಂಡಿ ಓಡಿಸಿಕೊಂಡು, ಒಂದು ಗಂಟೆ ಮುಂಚೆ. ಅವರು ಬಂದದ್ದು 'ಬೇಗದ ಗಂಟೆ'ಯ ಕಡೆಯಿಂದ. ನಮ್ಮ ಜಿಲ್ಲೆಯದು 'ನಿಧಾನದ ಗಂಟೆ', ಜಿಲ್ಲೆಯ ಉತ್ತರದ ಗಡಿ ದಾಟಿದರೆ ಒಂದು ಗಂಟೆ ಮುಂದೆ. ಹುಟ್ಟಿದಾಗಿನಿಂದ ಇದನ್ನು ನೋಡಿಕೊಂಡೇ ಬೆಳೆದವರು ನಾವು. ಬಾಗಿಲು ಮುಚ್ಚಿದ್ದಾರೆ ಅಂತ ಅವರು ಬೈಯುತ್ತಾ ನಿಂತದ್ದನ್ನು ಮುಮ್ಮು ಎದ್ದು ನಿಂತು ಅಭಿನಯಿಸಿ ತೋರಿಸಿದಳು. ಹೆಲ್ಮಿ ನಕ್ಕಳು. ನಾನೂ ನಕ್ಕೆನೋ ಏನೋ.

ಮಾರ್ಚ್ 13, ಶುಕ್ರವಾರ

ನಾಳೆ.

ಲ್ಯಾಪ್‌ಟಾಪ್ ಚಾರ್ಜ್ ಆಗಿದೆ. ಗುರುತಿನ ಚೀಟಿ, ಪ್ರವೇಶಪತ್ರ, ನೀರು, ಬಾಳೆಹಣ್ಣು ಎಲ್ಲ ಬಾಗಿಲ ಹತ್ತಿರ ಇಟ್ಟಿದ್ದೇನೆ. ಹಿಮ ಬೀಳುತ್ತಿದೆ, ಡೇಲ್‌ಗೆ ರಾತ್ರಿಯಿಡೀ ಲಾರಿ. ಅವನು ಬರುವ ಮೊದಲೇ ನಾವು ಹೊರಡಬೇಕು, ಅರ್ವೋನನ್ನೂ ಕರೆದುಕೊಂಡು. ಇಷ್ಪೆಮಿಂಗ್‌ನಲ್ಲಿ ಎಂಟಕ್ಕೆ ಬಾಗಿಲು ಹಾಕುತ್ತಾರೆ. ದಾರಿ ಒಂದೂಕಾಲು ಗಂಟೆ. ಆರಕ್ಕೆ ಬಿಟ್ಟರೆ ಮುಕ್ಕಾಲು ಗಂಟೆ ಕೈಯಲ್ಲಿರುತ್ತದೆ.

"ಆರಕ್ಕಾ?" ಅಂದಳು ಹೆಲ್ಮಿ. "ನಮ್ಮನೆ ಆರಕ್ಕಾ?"

"ಮತ್ತೆ ಯಾರ ಮನೆ ಆರಕ್ಕೆ?"

ಅವಳು ಅರ್ವೋನ ಬಾಟಲಿ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿದಳು. ಏನೋ ಹೇಳುತ್ತಾಳೆ ಅಂದುಕೊಂಡೆ.

"ಸರಿ" ಅಂದಳು, ಮತ್ತೆ ನಲ್ಲಿ ಬಿಟ್ಟಳು.

ಹೆದರಿದ್ದಾಳೆ ಪಾಪ.

ಮಾರ್ಚ್ 14, ಶನಿವಾರ

ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಮಕ್ಕಳಿಬ್ಬರೂ ಹೋಟೆಲಿನ ಒಳಗಿದ್ದಾರೆ. ನನಗೆ ಒಳಗೆ ಹೋಗಲು ಮುಖವಿಲ್ಲ.

ಆರಕ್ಕೆ ಸರಿಯಾಗಿ ಬಿಟ್ಟೆವು. ಕತ್ತಲೆ, ಹಿಮ, ಆದರೆ ರಸ್ತೆ ಚೊಕ್ಕಟವಾಗಿತ್ತು, ಡೇಲ್ ಹೋಗಿದ್ದ ದಾರಿ. ಚ್ಯಾನಿಂಗ್‌ನ ಬಂಕಿನ ಹತ್ತಿರ ಹೆಲ್ಮಿ ಬಿಸಿ ಚಾಕೊಲೇಟ್ ಕುಡಿಯೋಣ ಅಂದಳು. ಬೇಡ ಅಂದೆ. "ಸಮಯ ಇದೆಯಲ್ಲಮ್ಮಾ, ನೀನೇ ಹೇಳಿದೆ" ಅಂದಳು. ನಿಲ್ಲಿಸಿದೆ. ಅದಾದ ಮೇಲೆ ಕಾಡು. ಜಿಲ್ಲೆಯ ಉತ್ತರದ ಗಡಿ ದಾಟಿದ್ದೇ ತಡ, ಮುಂದೆ ಸಿಕ್ಕಿಸಿದ್ದ ಫೋನಿನಲ್ಲಿ 6:45 ಇದ್ದದ್ದು 7:45 ಆಯಿತು.

ಮೊದಲು ಫೋನ್ ಕೆಟ್ಟಿದೆ ಅಂದುಕೊಂಡೆ. ಸತ್ಯವಾಗಿ. ಮೂವತ್ತೈದು ವರ್ಷ ಈ ಗಡಿಯ ಪಕ್ಕದಲ್ಲಿ ಬದುಕಿದವಳು, ಹೋದ ವಾರ ಹಿಮಬಂಡಿಯವರ ಕಥೆ ಕೇಳಿ ನಕ್ಕವಳು!

ಅಲ್ಲಿಂದ ಮುಂದೆ ಹೇಗೆ ಓಡಿಸಿದೆನೋ ಗೊತ್ತಿಲ್ಲ. "ಅಮ್ಮಾ, ನಿಧಾನ, ನಿಧಾನ" ಅಂತ ಹೆಲ್ಮಿ ಹಿಂದಿನ ಸೀಟಿಗೆ ಕೈ ಚಾಚಿ ಅರ್ವೋನ ಕಾಲು ಹಿಡಿದುಕೊಂಡಿದ್ದಳು. ತಲುಪಿದಾಗ ಎಂಟೂ ಕಾಲು ದಾಟಿತ್ತು. ಗಾಜಿನ ಬಾಗಿಲು. ಒಳಗೊಬ್ಬ ಹೆಂಗಸು ಕೊರಳಲ್ಲಿ ಗುರುತಿನ ಪಟ್ಟಿ ಹಾಕಿಕೊಂಡು ನಿಂತಿದ್ದಳು. ಬಡಿದೆ. ತಲೆ ಅಡ್ಡ ಆಡಿಸಿದಳು. ಮತ್ತೆ ಬಡಿದೆ. ಬಾಗಿಲು ಒಂದಿಷ್ಟು ತೆರೆದು, "ಒಳಗೆ ಶುರುವಾಗಿಬಿಟ್ಟಿದೆಯಮ್ಮಾ. ನಿಮ್ಮದು ನಿಧಾನದ ಗಂಟೆ ಕಡೆಯಾ?" ಅಂದಳು. ಅವಳ ದನಿಯಲ್ಲಿದ್ದ ಮರುಕಕ್ಕೇ ನನಗೆ ಅಳು ಒತ್ತರಿಸಿಕೊಂಡು ಬಂದದ್ದು.

ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಅರ್ವೋ ಅತ್ತ. ಹೆಲ್ಮಿ ಅಳಲಿಲ್ಲ. "ಹೋಗ್ಲಿ ಬಿಡಮ್ಮಾ. ಏಳು, ಹಸಿವಾಗ್ತಿದೆ" ಅಂದಳು.

ಈಗ ಕಿಟಕಿಯಲ್ಲಿ ಕಾಣುತ್ತಿದ್ದಾಳೆ. ಮಸಾಲೆ ಮಾಂಸದ ದೊಡ್ಡ ಬನ್ನು ಮುಗಿಸಿ ಎರಡನೆಯದಕ್ಕೆ ಕೈ ಹಾಕಿದ್ದಾಳೆ. ಅರ್ವೋನನ್ನು ಮೇಜಿನ ಮೇಲೆ ಕೂರಿಸಿ ಏನೋ ಮಾಡಿ ನಗಿಸುತ್ತಿದ್ದಾಳೆ, ತಾನೂ ನಗುತ್ತಿದ್ದಾಳೆ. ಜನವರಿಯಿಂದ ಹೀಗೆ ನಕ್ಕದ್ದು ನೋಡಿರಲಿಲ್ಲ. ನನಗೆ ಬೇಜಾರಾಗದಿರಲಿ ಅಂತ ಎಷ್ಟು ನಟಿಸುತ್ತಾಳೆ.

ಮಾರ್ಚ್ 15, ಭಾನುವಾರ

ಮುಮ್ಮುಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಕಾಫಿ ಲೋಟ ಕೆಳಗಿಟ್ಟು ಕೇಳಿದಳು:

"ನೀನು ಮರೆತೆ, ಸರಿ. ನಿನ್ನ ತಲೆ ನೆಟ್ಟಗಿಲ್ಲ. ಹೆಲ್ಮಿಗೇನಾಗಿತ್ತು?"

"ಅವಳಿಗೇನು?"

"ಸ್ಕೀ ಪಂದ್ಯಕ್ಕೆ ಪ್ರತಿ ಚಳಿಗಾಲ ಇಷ್ಪೆಮಿಂಗಿಗೆ ಹೋಗೋ ಹುಡುಗಿ. ಒಂದು ದಿನ ತಡವಾಗಿದೆಯಾ? ನನ್ನನ್ನೇ ಎಬ್ಬಿಸಿಕೊಂಡು ಹೋಗ್ತಿದ್ದಳು, ಬೇಗದ ಗಂಟೆ ಮುಮ್ಮು, ಬೇಗದ ಗಂಟೆ ಅಂತ."

ಬಾಟಲಿ. ನಲ್ಲಿ. ನಮ್ಮನೆ ಆರಕ್ಕಾ.

ಮಾರ್ಚ್ 16, ಸೋಮವಾರ

ಶಾಲೆಯಿಂದ ಬಂದವಳು ಕೆರೆಗೆ ಹೋಗಿದ್ದಳು. ಮೀನು ಹಿಡಿಯಲು ಡೇಲ್ ಗಡ್ಡೆಯ ಮೇಲೆ ನಿಲ್ಲಿಸಿರುವ ಗುಡಿಸಲನ್ನು ತಿಂಗಳ ಕೊನೆಗೆ ತೆಗೆಯಲೇಬೇಕು, ಅದಕ್ಕೆ ಮೊದಲು ಗಡ್ಡೆ ಎಷ್ಟು ದಪ್ಪ ಇದೆ ಅಂತ ನೋಡಲು. ಅರ್ವೋನನ್ನು ಮುಮ್ಮು ಕೈಗೆ ಕೊಟ್ಟು ನಾನೂ ಹೋದೆ. ತೂತು ಕೊರೆದು ಮಂಡಿಯೂರಿ ಅಳತೆಕೋಲು ಇಳಿಸುತ್ತಿದ್ದಳು.

"ನಿನಗೆ ಗೊತ್ತಿತ್ತಾ?"

ಏನು ಅಂತ ಕೇಳಲಿಲ್ಲ. "ಗೊತ್ತಿತ್ತು."

ಹೊಡೆಯಬೇಕು ಅನ್ನಿಸಿತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಅನ್ನಿಸಿತು. "ಯಾಕೆ? ಆ ಕಾಲೇಜು ಬೇಡ್ವಾ ನಿನಗೆ?"

"ಬೇಕು."

"ಮತ್ತೆ?"

"ಬೇಕು ಅಂತಾನೇ." ಕೋಲಿನ ನೀರು ಒರೆಸುತ್ತಿದ್ದಳು, ಒರೆಸಿದ್ದನ್ನೇ ಒರೆಸುತ್ತಿದ್ದಳು. "ಬರೆದ್ರೆ ಅಂಕ ಬರತ್ತೆ. ಅಂಕ ಬಂದ್ರೆ ಹೋಗಬೇಕಾಗತ್ತೆ. ನಾನು ಹೋದ್ರೆ ರಾತ್ರಿ ಅರ್ವೋನನ್ನ ಯಾರು ಎತ್ಕೋತಾರೆ?"

"ನಾನು! ನಾನು ಅವನ ತಾಯಿ!"

ಗಾಳಿ ಕೆರೆಯ ಮೇಲಿನ ಪುಡಿಹಿಮವನ್ನು ಎಳೆದುಕೊಂಡು ಹೋಗುತ್ತಿತ್ತು.

"ಹೆಲ್ಮಿ, ನಾನು ಒಂದು ರಾತ್ರಿ ಕೂಡ ನಿದ್ದೆ ಮಾಡಿಲ್ಲ ಕಣೇ. ಪ್ರತಿ ರಾತ್ರಿ ಎಚ್ಚರವಾಗೇ ಇದ್ದೆ."

"ನೀನು ಎಚ್ಚರವಾಗಿದ್ದೆ ಅಮ್ಮಾ. ಕಂಪ್ಯೂಟರ್ ಮುಂದೆ ಕೂತಿದ್ದೆ. ಅವನು ಅಳ್ತಿದ್ದ, ನೀನು ತಿರುಗಿ ನೋಡ್ತಿರಲಿಲ್ಲ. ಮೊದಲು ನಿನಗೆ ಕೇಳಿಸ್ತಿಲ್ಲ ಅಂದ್ಕೊಂಡೆ. ಆಮೇಲೆ ನಿನ್ನ ಹೆಗಲು ನೋಡಿದೆ. ಅವನು ಅತ್ತಾಗಲೆಲ್ಲ ಹೀಗೆ ಮೇಲೆ ಹೋಗ್ತಿತ್ತು." ತೋರಿಸಿದಳು. "ಕೇಳಿಸ್ತಿತ್ತು. ಏಳೋಕೆ ಆಗ್ತಿರಲಿಲ್ಲ ನಿನಗೆ."

ನಾನೂ ತೂತಿನ ಪಕ್ಕ ಮಂಡಿಯೂರಿದೆ. ಕೊನೆಗೆ ನಾನೇ ಕೇಳಿದೆ, "ಎಷ್ಟು ದಪ್ಪ ಇದೆ?"

"ಕೆಳಗೆ ಮೆತ್ತಗಾಗ್ತಿದೆ. ಮೇಲಿಂದ ಗೊತ್ತಾಗಲ್ಲ. ಆದ್ರೆ ನಮ್ಮಿಬ್ಬರನ್ನ ತಡೆಯತ್ತೆ."

ಮಾರ್ಚ್ 19, ಗುರುವಾರ

ಡೇಲ್ ಆಸ್ಪತ್ರೆಗೆ ಕರೆದುಕೊಂಡು ಹೋದ. ಅದೇ ನರ್ಸ್, ಅದೇ ಹತ್ತು ಪ್ರಶ್ನೆ. ಪೆನ್ನು ಹಿಡಿದು ಮತ್ತೆ ಬೇಕಾದ ಉತ್ತರ ಹುಡುಕತೊಡಗಿದೆ. ಡೇಲ್ ಪಕ್ಕದಲ್ಲಿ ಟೋಪಿ ಕೈಯಲ್ಲಿ ಹಿಡಿದು ಕೂತಿದ್ದ, ಯಾರೋ ಸತ್ತ ಮನೆಗೆ ಬಂದವನ ಹಾಗೆ. "ಇದನ್ನ ಹೆಲ್ಮಿ ಬರೆದಿದ್ರೆ ನಿನ್ನ ಬಗ್ಗೆ ಏನು ಬರೀತಿದ್ಳು?" ಅಂದ. ಅವಳು ಬರೆಯುತ್ತಿದ್ದ ಹಾಗೆ ಬರೆದೆ.

ನರ್ಸ್ ಕೂಡಿಸಿದಳು. ನನಗೆ ತಡೆಯಲಾಗದೆ "ಎಷ್ಟು ಬಂತು?" ಅಂತ ಕೇಳಿಬಿಟ್ಟೆ.

"ಜಾಸ್ತೀನೇ ಬಂದಿದೆ. ಇದರಲ್ಲಿ ಜಾಸ್ತಿ ಬಂದ್ರೆ ಸಿಹಿ ಹಂಚೋ ಹಾಗಿಲ್ಲ."

ನಗು ಬಂತು. ನಗುತ್ತಾ ನಗುತ್ತಾ ಅಳು. ಡಾಕ್ಟರು ಬಂದು ಬಹಳ ಹೊತ್ತು ಮಾತಾಡಿದರು. ಹೆತ್ತ ಮೇಲೆ ಹೀಗೆ ಆಗುವುದುಂಟು, ಅದಕ್ಕೊಂದು ಹೆಸರಿದೆ, ಔಷಧಿ ಇದೆ. ನಾನೊಬ್ಬಳೇ ಅಲ್ಲ ಅಂದರು. ಡೇಲ್ ಹಗಲು ಪಾಳಿ ಕೇಳುತ್ತಾನಂತೆ. ಮುಮ್ಮು ವಾರದಲ್ಲಿ ಮೂರು ರಾತ್ರಿ ನಮ್ಮಲ್ಲೇ.

ಮಾರ್ಚ್ 22, ಭಾನುವಾರ

ಹೆಲ್ಮಿ ಲೈಬ್ರರಿಗೆ ಒಬ್ಬಳೇ ಹೋಗಿ ಎಸಿಟಿ ಮಾದರಿ ಪರೀಕ್ಷೆ ಮಾಡಿಕೊಂಡು ಬಂದಿದ್ದಾಳೆ. ಗಣಿತ ಪೂರ್ತಿ ಮುಗಿಸಿ ಸಮಯ ಉಳಿಯಿತಂತೆ.

"ವಿಜ್ಞಾನದಲ್ಲಿ ಬರೀ ಕೋಷ್ಟಕ, ರೇಖೆ, ಯಾರೋ ಏನೋ ಅಳೆದಿರೋದು. ನಾನು ಕೆರೆ ಮೇಲೆ ಮಾಡೋದು ಅದೇ ಅಲ್ವಾ? ನನಗೆ ಇದೇ ಇಷ್ಟ ಆಯ್ತಮ್ಮಾ. ಏಪ್ರಿಲ್ 11ಕ್ಕೆ ಇದೆ, ತಡವಾಗಿ ಹೆಸರು ಹಾಕೋರಿಗೂ ಇನ್ನೆರಡು ದಿನ ಅವಕಾಶ ಇದೆ. ಕೇಂದ್ರ ಇಷ್ಪೆಮಿಂಗೇ."

ಎಸ್‌ಎಟಿಯ ಪರವಾಗಿ ಹೇಳಲು ನನ್ನ ಹತ್ತಿರ ಏನೇನೋ ಇತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅರ್ವೋ ಕೂಗಿದ. ಹೆಲ್ಮಿ ಏಳಲು ಹೋಗಿ, ಮತ್ತೆ ಕೂತಳು. ನಾನು ಹೋದೆ. ವಾಪಸ್ ಬರುವ ಹೊತ್ತಿಗೆ ಅವಳು ಹೆಸರು ಹಾಕಿ ಮುಗಿಸಿದ್ದಳು.

ಏಪ್ರಿಲ್ 2, ಗುರುವಾರ

ಅರ್ವೋಗೆ ಕೆಳಗಿನ ಹಲ್ಲು. ನನ್ನ ಬೆರಳು ಕಚ್ಚಿ ತೋರಿಸಿದ. ಹೊಳೆಯ ಗಡ್ಡೆ ಬಿಟ್ಟುಕೊಂಡಿದೆ, ನೀರಿನ ಸದ್ದು ಅಡುಗೆಮನೆಯವರೆಗೂ ಬರುತ್ತದೆ. ಡೋರೀನ್ ಫೋನ್ ಮಾಡಿ ಏನೋ ಅಂಕದ ವಿಷಯ ಹೇಳಿದಳು, ಮರೆತೆ.

ಏಪ್ರಿಲ್ 11, ಶನಿವಾರ

ಶಾಲೆಯ ಎಸ್‌ಎಟಿ ಈ ವಾರವೇ ಮುಗಿಯಿತು, ಹೇಗಾಯಿತು ಅಂತ ಕೇಳಿದ್ದಕ್ಕೆ "ಆಯ್ತು" ಅಂದಳು. ಇವತ್ತು ಎಸಿಟಿ. ನಿನ್ನೆ ರಾತ್ರಿ ಮಲಗುವಾಗ ಅಲಾರಂ ಇಡುತ್ತೇನೆ ಅಂದೆ. "ಬೇಡಮ್ಮಾ. ಮುಮ್ಮು ಬರ್ತಾಳೆ. ನೀನು ಮಲಗಿರು."

ಮಲಗಿದ್ದೆ. ಕಾರು ಹೊರಟದ್ದೂ ಗೊತ್ತಾಗಲಿಲ್ಲ. ಫೋನ್ ಬಡಿದುಕೊಂಡಾಗ ಎದ್ದೆ.

"ಅಮ್ಮಾ, ಬಂದ್ವಿ."

"ಗಂಟೆ ಎಷ್ಟು?"

"ಯಾರ ಗಂಟೆ?"

"ನಿಂದು."

"ಏಳೂವರೆ. ಬಾಗಿಲು ತೆಗೆದಿದೆ. ಮುಮ್ಮು ಆ ಗಾಜಿನ ಬಾಗಿಲಿನ ಹೆಂಗಸಿನ ಜೊತೆ ಹರಟೆ ಹೊಡೀತಿದ್ದಾಳೆ, ಇಬ್ಬರೂ ಒಂದೇ ಊರಿನವರಂತೆ. ನಾನು ನಿನ್ನ ನಿದ್ದೆ ಕೆಡಿಸಿದ್ನಾ?"

"ಹೂಂ ಕಣೇ, ಕೆಡಿಸಿದೆ."

ಆ ಕಡೆಯಿಂದ ಉಸಿರು ಬಿಟ್ಟ ಸದ್ದು. ನಗುವಿರಬೇಕು.

"ಅರ್ವೋ?"

"ರಾತ್ರಿ ಎರಡು ಸಲ ಎದ್ದ."

"ಅಪ್ಪ ಎತ್ಕೊಂಡ್ರಾ?"

"ನಾನು."

"ಎರಡು ಸಲಾನೂ?"

"ಎರಡು ಸಲಾನೂ. ಹೋಗು ಹೆಲ್ಮಿ, ಒಳಗೆ ಹೋಗು."

"ಹೋಗ್ತೀನಿ" ಅಂದಳು, ಆದರೆ ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. ಆಚೆ ಯಾರೋ ಹುಡುಗರು ಮಾತಾಡಿಕೊಂಡು ಹೋದರು, ಬಾಗಿಲು ಒಮ್ಮೆ ತೆರೆದು ಮುಚ್ಚಿತು. ಆಮೇಲೆ ಅವಳೇ ಇಟ್ಟಳು.

ನಮ್ಮ ಅಡುಗೆಮನೆಯಲ್ಲಿ ಇನ್ನೂ ಆರೂವರೆ. ಒಲೆಯ ಮೇಲಿನ ಗಡಿಯಾರದಲ್ಲಿ ಐದೂವರೆ. ಡೇಲ್ ಅರ್ವೋನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಾಫಿ ಮಾಡುತ್ತಿದ್ದ, "ಏನಂತೆ?" ಅಂದ.

"ಸಮಯಕ್ಕೆ ಹೋಗಿದ್ದಾಳೆ" ಅಂದೆ. ಕಾಫಿ ಆಗುವಷ್ಟರಲ್ಲಿ ಬರುತ್ತೇನೆ ಅಂತ ಹೇಳಿ ಒಂದು ನಿಮಿಷ ಅಡ್ಡಾದೆ. ಆಮೇಲೆ ಡೇಲ್ ಎಬ್ಬಿಸಿದ್ದು ನಮ್ಮ ಹನ್ನೊಂದಕ್ಕೆ. ಅವಳು ಪರೀಕ್ಷೆ ಮುಗಿಸಿ, ಬನ್ನು ತಿಂದು, ಅರ್ಧ ದಾರಿ ಬಂದಿದ್ದಳಂತೆ.